ನೆನಪಿಟ್ಟುಕೊಳ್ಳುವ ಕೆಲಸ ಯಾರದು?

ಸಾಫ್ಟ್‌ವೇರ್ ಮಾರುವ ಯಾವುದಾದರೂ ಪುಟವನ್ನು ಒಮ್ಮೆ ನಿಧಾನವಾಗಿ ನೋಡಿ. ಮಧ್ಯದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಬೆಲೆ. ಅದರ ಪಕ್ಕ ಗೀಟು ಹಾಕಿದ ಇನ್ನೊಂದು ದೊಡ್ಡ ಬೆಲೆ. ಕೆಳಗೆ ಎದ್ದು ಕಾಣುವ ಬಣ್ಣದ ಬಟನ್. ಅದರ ಕೆಳಗೆ, ತೆಳು ಬೂದು ಬಣ್ಣದಲ್ಲಿ, ಚಿಕ್ಕ ಅಕ್ಷರದ ಎರಡು ಸಾಲು. ಮೊದಲ ವರ್ಷ ಮುಗಿದ ಮೇಲೆ, ಆಗ ಜಾರಿಯಲ್ಲಿರುವ ದರದಲ್ಲಿ ಚಂದಾ ತಾನಾಗಿ ನವೀಕರಣವಾಗುತ್ತದೆ ಅಂತ ಅಲ್ಲಿ ಬರೆದಿರುತ್ತದೆ. ಆ ದರ ಎಷ್ಟು ಅನ್ನುವುದು ಅನೇಕ ಸಲ ಅಲ್ಲಿರುವುದಿಲ್ಲ. ಇನ್ನೊಂದು ಲಿಂಕ್ ಒತ್ತಿ, ಇನ್ನೊಂದು ಪುಟದಲ್ಲಿ ಹುಡುಕಬೇಕು.

ಆ ಒಂದು ಬಟನ್ ಒತ್ತಿದಾಗ ಎರಡು ವ್ಯವಹಾರ ನಡೆಯುತ್ತವೆ. ಮೊದಲನೆಯದು ಇವತ್ತಿನದು. ಏನು ಸಿಗುತ್ತದೆ, ಎಷ್ಟು ಕೊಡಬೇಕು, ಎರಡೂ ಕಣ್ಣ ಮುಂದಿವೆ. ಎರಡನೆಯದು ಮುಂದಿನ ವರ್ಷದ್ದು, ಅದರಾಚೆಯ ವರ್ಷದ್ದು, ನಾವಾಗಿ ನಿಲ್ಲಿಸುವ ತನಕದ ಎಲ್ಲ ವರ್ಷಗಳದ್ದು. ಅದರ ಬೆಲೆ ಇನ್ನೂ ನಿಗದಿಯಾಗಿಲ್ಲ. ಆಗ ನಮಗೆ ಆ ಸಾಫ್ಟ್‌ವೇರ್ ಬೇಕಿರುತ್ತದೋ ಇಲ್ಲವೋ ಗೊತ್ತಿಲ್ಲ. ಆದರೂ ಒಪ್ಪಿಗೆ ಮಾತ್ರ ಇವತ್ತೇ ಕೊಟ್ಟಾಯಿತು. ಗ್ರಾಹಕರ ಹಕ್ಕಿನ ಪ್ರಶ್ನೆ ಏಳುವುದು ಈ ಎರಡನೇ ವ್ಯವಹಾರದಲ್ಲಿ.

ತಾನಾಗಿ ನವೀಕರಣವಾಗುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಫೋಟೋಗಳ ಬ್ಯಾಕಪ್ ಇಟ್ಟಿರುವ ಸೇವೆ ಒಂದು ದಿನ ಸದ್ದಿಲ್ಲದೆ ನಿಂತುಹೋದರೆ ಕಷ್ಟ. ವೆಬ್‌ಸೈಟ್ ನಡೆಸುವವರ ಡೊಮೈನ್ ಹೆಸರು ಅವಧಿ ಮುಗಿದು ಬೇರೆಯವರ ಪಾಲಾದರೆ ಇನ್ನೂ ಕಷ್ಟ. ಇಂಥ ಕಡೆ ನವೀಕರಣ ತಾನಾಗಿ ಆಗುವುದೇ ಅನುಕೂಲ. ಚಂದಾ ಪದ್ಧತಿಯ ಬಗ್ಗೆಯೂ ನನ್ನದು ಒಟ್ಟಾರೆ ವಿರೋಧವಲ್ಲ. ಮೊದಲು ಸಾಫ್ಟ್‌ವೇರ್ ಅಂದರೆ ಒಂದು ಸಲ ದುಡ್ಡು ಕೊಟ್ಟು ಕೊಳ್ಳುವ ವಸ್ತು. ಬೇಕಾದರೆ ಹೊಸ ಆವೃತ್ತಿ ಕೊಳ್ಳಬಹುದಿತ್ತು, ಬೇಡವಾದರೆ ಹಳೆಯದರಲ್ಲೇ ವರ್ಷಗಟ್ಟಲೆ ಕೆಲಸ ಮಾಡಬಹುದಿತ್ತು. 2013ರ ಮೇ ತಿಂಗಳಲ್ಲಿ ಅಡೋಬಿ ಕಂಪನಿ ಫೋಟೋ ತಿದ್ದುವ, ವಿನ್ಯಾಸ ಮಾಡುವ ತನ್ನ ಸಾಫ್ಟ್‌ವೇರ್‌ಗಳ ಕಟ್ಟಾದ ಕ್ರಿಯೇಟಿವ್ ಸೂಟ್‌ನ ಹೊಸ ಆವೃತ್ತಿಗಳನ್ನು ಇನ್ನು ಆ ರೀತಿ ಮಾರುವುದಿಲ್ಲ, ಮುಂದೆ ಚಂದಾ ಮಾತ್ರ ಅಂತ ಘೋಷಿಸಿತು. ಆಗ ಬಹಳ ಜನ ಸಿಟ್ಟಾದರು. ಆಮೇಲೆ ಹೆಚ್ಚುಕಡಿಮೆ ಇಡೀ ಉದ್ಯಮವೇ ಅದೇ ದಾರಿ ಹಿಡಿಯಿತು. ಸರ್ವರ್ ನಡೆಸಲು, ಭದ್ರತೆಯ ದೋಷ ಸರಿಪಡಿಸಲು ಪ್ರತಿ ತಿಂಗಳೂ ಖರ್ಚಿದೆ. ಪ್ರತಿ ತಿಂಗಳೂ ದುಡ್ಡು ಕೇಳುವುದರಲ್ಲಿ ನ್ಯಾಯವಿದೆ.

ನನ್ನ ತಕರಾರು ಒಂದೇ. ಇಡೀ ವ್ಯವಸ್ಥೆ ನಿಂತಿರುವುದು ಗ್ರಾಹಕರ ನೆನಪಿನ ಮೇಲೆ. ಯಾವ ದಿನಾಂಕ, ಯಾವ ಈಮೇಲ್, ಯಾವ ಕಾರ್ಡ್, ಎಷ್ಟು ಹೊತ್ತಿನೊಳಗೆ ರದ್ದು ಮಾಡಬೇಕು, ಎಲ್ಲವನ್ನೂ ಗ್ರಾಹಕರೇ ನೆನಪಿಡಬೇಕು. ಮರೆತರೆ ಅದನ್ನು ಒಪ್ಪಿಗೆ ಅಂತ ಲೆಕ್ಕ ಹಾಕುತ್ತಾರೆ. ಎದುರಿಗಿರುವ ಕಂಪನಿಗೆ ಆ ದಿನಾಂಕ ಸೆಕೆಂಡಿನ ಮಟ್ಟಕ್ಕೆ ಗೊತ್ತಿದೆ. ರಿಯಾಯಿತಿ ಮಾರಾಟ ಇದ್ದಾಗ ಅದು ಸಾಲುಸಾಲಾಗಿ ಮೇಲ್ ಕಳಿಸುತ್ತದೆ. ದುಡ್ಡು ಕತ್ತರಿಸುವ ಮುಂಚೆ ಒಂದು ಮೇಲ್ ಕಳಿಸಲು ಅದಕ್ಕೆ ಏನೂ ಖರ್ಚಿಲ್ಲ. ಹೀಗಿದ್ದೂ ನೆನಪಿಡುವ ಭಾರ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡ ಕಂಪನಿಯ ಮೇಲಿಲ್ಲ, ನೂರು ಕೆಲಸದ ನಡುವೆ ಇರುವ ಮನುಷ್ಯರ ಮೇಲಿದೆ. ಇದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಮರೆವಿಗೆ ಎಷ್ಟು ಬೆಲೆ ಇದೆ ಅನ್ನುವುದನ್ನು ಅಳೆದಿದ್ದಾರೆ. ಲಿರಾನ್ ಐನಾವ್, ಬೆಂಜಮಿನ್ ಕ್ಲೋಪ್ಯಾಕ್, ನೀಲ್ ಮಹೋನಿ ಅನ್ನುವ ಅರ್ಥಶಾಸ್ತ್ರಜ್ಞರು 2023ರಲ್ಲಿ ಹೊರತಂದ ಒಂದು ಅಧ್ಯಯನವಿದೆ. ಅವರು ಹಿಡಿದ ದಾರಿ ಜಾಣತನದ್ದು. ಕಾರ್ಡ್ ಬದಲಾದಾಗ ಗ್ರಾಹಕರು ಹೊಸ ವಿವರ ಕೊಡಬೇಕಾಗಿ ಬರುತ್ತದೆ. ಅಂದರೆ ಆ ಕ್ಷಣದಲ್ಲಿ ಈ ಚಂದಾ ನಿಜಕ್ಕೂ ಬೇಕಾ ಅಂತ ಯೋಚಿಸಲೇಬೇಕು. ಆ ತಿಂಗಳು ಎಷ್ಟು ಜನ ಬಿಟ್ಟು ಹೋಗುತ್ತಾರೆ, ಉಳಿದ ತಿಂಗಳು ಎಷ್ಟು ಜನ ಹೋಗುತ್ತಾರೆ ಅಂತ ಹೋಲಿಸಿದರು. ಕಾರ್ಡ್ ಬದಲಾದ ತಿಂಗಳು ಬಿಡುವವರ ಸಂಖ್ಯೆ ಒಮ್ಮೆಲೇ ಏರುತ್ತದೆ. ಬೇಡವಾಗಿದ್ದರೂ ಗಮನಕ್ಕೆ ಬಾರದೆ ಮುಂದುವರಿದವರು ಅವರು. ಎಲ್ಲರೂ ಸದಾ ಗಮನ ಇಟ್ಟಿದ್ದರೆ ಬರುತ್ತಿದ್ದ ಆದಾಯಕ್ಕೆ ಹೋಲಿಸಿದರೆ, ಈ ಅಲಕ್ಷ್ಯದಿಂದ ಮಾರಾಟಗಾರರ ಆದಾಯ ಸೇವೆಯಿಂದ ಸೇವೆಗೆ ಶೇ. 14ರಿಂದ ಶೇ. 200ಕ್ಕೂ ಜಾಸ್ತಿ ಹೆಚ್ಚಾಗುತ್ತದೆ ಅಂತ ಅವರ ಲೆಕ್ಕ. ಶೇ. 200 ಅಂದರೆ ಏನು ಅಂತ ಯೋಚಿಸಿ. ಬರುವ ದುಡ್ಡಿನಲ್ಲಿ ಮೂರನೇ ಎರಡು ಭಾಗ, ಗಮನವಿಟ್ಟಿದ್ದರೆ ಜನ ಕೊಡುತ್ತಲೇ ಇರಲಿಲ್ಲ.

ಕಾರ್ಡ್ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ಕಾರ್ಡ್ ಅವಧಿ ಮುಗಿದರೆ ಚಂದಾ ತಾನೇ ನಿಂತುಹೋಗುತ್ತದೆ ಅಂತ ಅನೇಕರು ನೆಮ್ಮದಿಯಿಂದ ಇರುತ್ತಾರೆ. ಯಾವಾಗಲೂ ಹಾಗಾಗುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಎರಡೂ ಜಾಲಗಳಲ್ಲಿ ಅಕೌಂಟ್ ಅಪ್‌ಡೇಟರ್ ಅನ್ನುವ ವ್ಯವಸ್ಥೆ ಇದೆ. ಬ್ಯಾಂಕ್ ಹೊಸ ಕಾರ್ಡ್ ಕೊಟ್ಟಾಗ ಆ ಹೊಸ ಸಂಖ್ಯೆ, ಹೊಸ ಅವಧಿ ಎರಡೂ ಈ ವ್ಯವಸ್ಥೆಗೆ ಸೇರಿದ ಮಾರಾಟಗಾರರಿಗೆ ಹೋಗುತ್ತವೆ. ಗ್ರಾಹಕರು ಏನೂ ಮಾಡಬೇಕಿಲ್ಲ, ಅನೇಕರಿಗೆ ತಿಳಿಯುವುದೂ ಇಲ್ಲ. ಹೊಸ ಕಾರ್ಡ್ ಇನ್ನೂ ಲಕೋಟೆಯಲ್ಲಿರುವಾಗಲೇ ಹಳೆಯ ಚಂದಾ ಅದರ ಮೇಲೆ ಬಂದು ಕೂತಿರಬಹುದು. ಬೇಕಾದ ಸೇವೆ ತಪ್ಪಿಹೋಗದಿರಲಿ ಅಂತಲೇ ಇದನ್ನು ಮಾಡಿದ್ದು, ಒಪ್ಪುತ್ತೇನೆ. ಆದರೆ ಜನ ಒಂದು ಕ್ಷಣ ನಿಂತು ಯೋಚಿಸುವಂತೆ ಮಾಡುತ್ತಿದ್ದ ಒಂದೇ ಒಂದು ಸಹಜ ಸಂದರ್ಭವೂ ಇದರಿಂದ ಹೋಯಿತು.

ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಆಗಿದ್ದು ಇಂಥದ್ದೇ. ಅವರ ಹಳೆಯ ಲ್ಯಾಪ್‌ಟಾಪ್ ಕೆಟ್ಟು, ಗುಜರಿಗೆ ಹೋಗಿ ಬಹಳ ಕಾಲವಾಗಿತ್ತು. ಅದರಲ್ಲಿದ್ದ ಆಂಟಿವೈರಸ್ ಚಂದಾ ಮಾತ್ರ ಜೀವಂತವಾಗಿತ್ತು. ಬ್ಯಾಂಕಿನ ಸ್ಟೇಟ್‌ಮೆಂಟ್ ನೋಡುತ್ತಾ ನನ್ನನ್ನು ಕರೆದರು. "ಲ್ಯಾಪ್‌ಟಾಪೇ ಇಲ್ವಲ್ಲೋ, ಇದು ಯಾವುದರ ದುಡ್ಡು?" ಅಂದರು. ಮೊದಲು ಯಾವ ಈಮೇಲ್‌ನಲ್ಲಿ ಖಾತೆ ತೆರೆದಿದ್ದರು ಅಂತ ಹುಡುಕಬೇಕಾಯಿತು. ಅದು ಅವರು ಬಳಸುವುದನ್ನು ಬಿಟ್ಟ ಹಳೆಯ ಈಮೇಲ್. ಪಾಸ್‌ವರ್ಡ್ ಬದಲಿಸಿ ಒಳಗೆ ಹೋದರೆ, ಆಟೋ ರಿನ್ಯೂವಲ್ ನಿಲ್ಲಿಸುವ ಜಾಗ ಮುಖಪುಟದಲ್ಲಿಲ್ಲ. ಖಾತೆ, ಅದರೊಳಗೆ ಪಾವತಿ, ಅದರೊಳಗೆ ಚಂದಾ ವಿವರ. ಅಲ್ಲಿ ಒತ್ತಿದರೆ ಕೆಂಪು ಗುರಾಣಿಯ ಚಿತ್ರ. ನಿಮ್ಮ ಸಾಧನ ಅಪಾಯಕ್ಕೆ ಸಿಲುಕುತ್ತದೆ ಅಂತ ಎಚ್ಚರಿಕೆ. ಮುಂದಿನ ಪುಟದಲ್ಲಿ, ಯಾಕೆ ಹೋಗುತ್ತಿದ್ದೀರಿ ಅಂತ ಪ್ರಶ್ನೆ. ಅದರ ಮುಂದೆ ಅರ್ಧ ಬೆಲೆಯ ಕೊಡುಗೆ. ಪ್ರತಿ ಪುಟದಲ್ಲೂ ದೊಡ್ಡ ಬಣ್ಣದ ಬಟನ್ ಅಂದರೆ ಉಳಿಯುವುದು. ಹೊರಗೆ ಹೋಗುವುದಕ್ಕೆ ಬಣ್ಣವಿಲ್ಲದ ಸಣ್ಣ ಸಾಲು. ಅದನ್ನು ಓದಲು ಚಿಕ್ಕಪ್ಪ ಕನ್ನಡಕ ತೆಗೆದು ಪರದೆಯ ಹತ್ತಿರ ಬಾಗಬೇಕಾಯಿತು.

ಕೊನೆಗೆ ಚಾಟ್‌ನಲ್ಲಿ ಒಬ್ಬರು ಸಿಕ್ಕರು. ಮರ್ಯಾದೆಯಿಂದಲೇ ಮಾತಾಡಿದರು. ಅವರ ಕೈಯಲ್ಲಿದ್ದ ನಿಯಮ ಅಷ್ಟೇ ಅಂತ ಗೊತ್ತಾಗುತ್ತಿತ್ತು. ಚಿಕ್ಕಪ್ಪ ನನ್ನ ಕೈಯಲ್ಲಿ ಒಂದೇ ಪ್ರಶ್ನೆ ಟೈಪ್ ಮಾಡಿಸಿದರು. "ಇಷ್ಟು ದಿನದಲ್ಲಿ ನಾನು ಇದನ್ನು ಒಂದು ಸಲವಾದರೂ ಬಳಸಿದ್ದೀನಾ ಅಂತ ನಿಮಗೆ ಗೊತ್ತಿಲ್ವಾ?"

ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಯಾಕೆಂದರೆ ಉತ್ತರ ಅವರ ಬಳಿಯೇ ಇರಬೇಕಿತ್ತು. ಆಂಟಿವೈರಸ್ ಅಂದರೆ ದಿನವೂ ಕಂಪನಿಯ ಸರ್ವರ್ ಜೊತೆ ಮಾತಾಡುವ ಸಾಫ್ಟ್‌ವೇರ್. ಹೊಸ ವೈರಸ್‌ಗಳ ಪಟ್ಟಿ ತರಿಸಿಕೊಳ್ಳದೆ ಅದು ಕೆಲಸ ಮಾಡುವುದಿಲ್ಲ. ಒಂದು ಸಾಧನ ತಿಂಗಳುಗಟ್ಟಲೆ ಸಂಪರ್ಕಕ್ಕೆ ಬಂದಿಲ್ಲ ಅಂದರೆ ಅದು ಮೊದಲು ಕಾಣುವುದು ಕಂಪನಿಗೆ. ಫೋಟೋ ತಿದ್ದುವ ಸಾಫ್ಟ್‌ವೇರ್ ಇರಲಿ, ಕ್ಲೌಡ್ ಸಂಗ್ರಹ ಇರಲಿ, ಯಾರು ಕೊನೆಯ ಸಲ ಯಾವಾಗ ಲಾಗಿನ್ ಆದರು ಅನ್ನುವ ದಾಖಲೆ ಇದ್ದೇ ಇರುತ್ತದೆ. ಮರೆತಿರುವುದು ಗ್ರಾಹಕರು. ಅವರು ಮರೆತಿದ್ದಾರೆ ಅಂತ ತಿಳಿದಿರುವುದು ಮಾರುವವರು. ಚಿಕ್ಕಪ್ಪನಿಗೆ ಆ ವರ್ಷದ ದುಡ್ಡು ಕೊನೆಗೂ ವಾಪಸ್ ಬಂತು. ಅದಕ್ಕೂ ಹಿಂದಿನದು ಬರಲಿಲ್ಲ.

ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ 2018ರ ಡಿಸೆಂಬರ್‌ನಲ್ಲಿ ಇದೇ ಆಂಟಿವೈರಸ್ ಕ್ಷೇತ್ರದ ತನಿಖೆ ಶುರುಮಾಡಿತು. 2021ರಲ್ಲಿ ಮೊದಲು ಮ್ಯಾಕಫಿ, ಆಮೇಲೆ ನಾರ್ಟನ್ ಕಂಪನಿ ಲಿಖಿತ ವಚನ ಕೊಟ್ಟವು. ಚಂದಾ ತಾನಾಗಿ ನವೀಕರಣವಾದ ಮೇಲೂ ಗ್ರಾಹಕರು ಮಧ್ಯದಲ್ಲಿ ಬಿಡಬಹುದು, ಉಳಿದ ತಿಂಗಳುಗಳಷ್ಟು ದುಡ್ಡನ್ನು ಲೆಕ್ಕ ಹಾಕಿ ಹಿಂದಿರುಗಿಸಬೇಕು. ಇದು ನನಗೆ ಬಹಳ ಹಿಡಿಸಿದ ಪರಿಹಾರ. ಮರೆತವರಿಗೆ ಮರೆತಷ್ಟು ದಿನದ ನಷ್ಟ ಮಾತ್ರ, ಇಡೀ ವರ್ಷದ್ದಲ್ಲ.

ಬೇರೆ ಕಡೆ ಬೇರೆ ದಾರಿ ಹಿಡಿದಿದ್ದಾರೆ. ಜರ್ಮನಿಯಲ್ಲಿ 2022ರ ಜುಲೈ 1ರಿಂದ ಆನ್‌ಲೈನ್‌ನಲ್ಲಿ ಚಂದಾ ಮಾರುವವರು ತಮ್ಮ ತಾಣದಲ್ಲಿ ಸುಲಭವಾಗಿ ಕಾಣುವಂತೆ ರದ್ದತಿಯ ಬಟನ್ ಇಡಲೇಬೇಕು. ಬಟನ್ ಮೇಲೆ ಏನು ಬರೆದಿರಬೇಕು ಅನ್ನುವುದನ್ನೂ ಕಾನೂನೇ ಹೇಳುತ್ತದೆ. ಒತ್ತಿದರೆ ದೃಢೀಕರಣದ ಪುಟ ಬರಬೇಕು, ಅಲ್ಲಿಗೆ ಮುಗಿಯಬೇಕು. ಬಟನ್ ಇಡದಿದ್ದರೆ? ಆಗ ಗ್ರಾಹಕರು ಯಾವ ನೋಟಿಸ್ ಅವಧಿಯೂ ಇಲ್ಲದೆ ಯಾವಾಗ ಬೇಕಾದರೂ ಒಪ್ಪಂದ ಮುಗಿಸಬಹುದು. ಬಟನ್ ಬಚ್ಚಿಟ್ಟರೆ ನಷ್ಟ ಬಚ್ಚಿಟ್ಟವರಿಗೇ ಆಗುವಂತೆ ಮಾಡಿದ್ದಾರಲ್ಲ, ಅದು ಈ ಕಾನೂನಿನ ಬಲ. ಅದೇ ವರ್ಷದ ಮಾರ್ಚ್‌ನಿಂದ ಅಲ್ಲಿ ಮಾಡಿಕೊಂಡ ಹೊಸ ಒಪ್ಪಂದಗಳು ಮೊದಲ ಅವಧಿ ಮುಗಿದ ಮೇಲೆ ಮತ್ತೊಂದು ವರ್ಷಕ್ಕೆ ಕಟ್ಟಿಹಾಕುವಂತಿಲ್ಲ. ಒಂದು ತಿಂಗಳ ಮುನ್ಸೂಚನೆ ಕೊಟ್ಟು ಹೊರಬರಬಹುದು. ಫ್ರಾನ್ಸ್‌ನಲ್ಲೂ 2023ರ ಜೂನ್‌ನಿಂದ ಆನ್‌ಲೈನ್ ರದ್ದತಿ ಕಡ್ಡಾಯ.

ಅಮೆರಿಕದ ಕಥೆ ಅಷ್ಟು ನೇರವಿಲ್ಲ. ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಲ್ಲಿ ಒಂದು ನಿಯಮ ತಂದಿತು. ಸೇರುವುದು ಎಷ್ಟು ಸುಲಭವೋ ಬಿಡುವುದೂ ಅಷ್ಟೇ ಸುಲಭವಾಗಿರಬೇಕು ಅನ್ನುವುದು ಅದರ ತಿರುಳು. ನಿಯಮ ಪೂರ್ತಿ ಜಾರಿಗೆ ಬರುವ ಮುಂಚೆಯೇ, 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಿಯಮ ತಪ್ಪು ಅಂತಲ್ಲ, ರೂಪಿಸುವಾಗ ಮಾಡಬೇಕಿದ್ದ ಒಂದು ಪ್ರಾಥಮಿಕ ಆರ್ಥಿಕ ವಿಶ್ಲೇಷಣೆಯನ್ನು ಮಾಡಲಿಲ್ಲ ಅಂತ. ಓದಿದಾಗ ನನಗೆ ನಿಜವಾಗಿ ಬೇಸರವಾಯಿತು.

ಆದರೂ ಅಲ್ಲಿ 2010ರ ಹಳೆಯ ಕಾನೂನೊಂದು ಇದೆ. ಕಾರ್ಡ್ ವಿವರ ಪಡೆಯುವ ಮೊದಲೇ ಷರತ್ತುಗಳನ್ನು ಸ್ಪಷ್ಟವಾಗಿ ಹೇಳಬೇಕು, ತಿಳಿದು ಕೊಟ್ಟ ಒಪ್ಪಿಗೆ ಪಡೆಯಬೇಕು, ನಿಲ್ಲಿಸಲು ಸರಳ ದಾರಿ ಕೊಡಬೇಕು ಅನ್ನುತ್ತದೆ ಅದು. ಇದರ ಅಡಿಯಲ್ಲೇ ಕಮಿಷನ್ 2023ರಲ್ಲಿ ಅಮೆಜಾನ್ ಮೇಲೆ ಪ್ರೈಮ್ ಚಂದಾ ಕುರಿತು ದಾವೆ ಹೂಡಿತು. ದೂರಿನ ಪ್ರಕಾರ ಪ್ರೈಮ್ ಬಿಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತು. ಆ ದಾರಿಗೆ ಕಂಪನಿಯೊಳಗೆ ಇದ್ದ ಹೆಸರು ಇಲಿಯಡ್, ಗ್ರೀಕರ ಉದ್ದನೆಯ ಯುದ್ಧಕಾವ್ಯದ ಹೆಸರು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕರಣ 250 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸಲು, 100 ಕೋಟಿ ದಂಡ. 2024ರ ಜೂನ್‌ನಲ್ಲಿ ಅಡೋಬಿ ಮೇಲೂ ಅಮೆರಿಕ ಸರ್ಕಾರ ದಾವೆ ಹಾಕಿತು. ಅಲ್ಲಿನ ಆರೋಪ ಇನ್ನೊಂದು ಬಗೆಯದು. ಪ್ರತಿ ತಿಂಗಳು ದುಡ್ಡು ಕಟ್ಟುವ, ಆದರೆ ಒಪ್ಪಂದ ಮಾತ್ರ ಇಡೀ ವರ್ಷದ್ದಾಗಿರುವ ಯೋಜನೆ. ಮೊದಲ ವರ್ಷದ ಮಧ್ಯದಲ್ಲಿ ಬಿಟ್ಟರೆ ಉಳಿದ ಮೊತ್ತದ ಅರ್ಧವನ್ನು ಶುಲ್ಕವಾಗಿ ಕೊಡಬೇಕು, ಇದನ್ನು ಸರಿಯಾಗಿ ತಿಳಿಸಿರಲಿಲ್ಲ ಅನ್ನುವುದು ದೂರು. ತಿಂಗಳ ದರ ಕಂಡ ಕೂಡಲೇ ಯಾವ ತಿಂಗಳು ಬೇಕಾದರೂ ಬಿಡಬಹುದು ಅಂತಲೇ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವಾಗ 'ವಾರ್ಷಿಕ, ಮಾಸಿಕ ಪಾವತಿ' ಅನ್ನುವ ಸಾಲು ಕಂಡರೆ ಅಲ್ಲೇ ನಿಂತು ಪೂರ್ತಿ ಓದಿ.

ಇವೆಲ್ಲ ಹೊರಗೆ ಹೋಗುವ ಬಾಗಿಲಿನ ವಿಷಯ. ನೆನಪಿಸುವ ವಿಷಯಕ್ಕೆ ಕಾನೂನುಗಳು ಈಗೀಗ ಬರುತ್ತಿವೆ. ಕ್ಯಾಲಿಫೋರ್ನಿಯಾದ ತಿದ್ದುಪಡಿಯಾದ ಕಾನೂನಿನ ಪ್ರಕಾರ, 2025ರ ಜುಲೈ 1ರ ನಂತರದ ಒಪ್ಪಂದಗಳಲ್ಲಿ ಮಾರುವವರು ವರ್ಷಕ್ಕೊಮ್ಮೆಯಾದರೂ ಗ್ರಾಹಕರಿಗೆ ನೆನಪೋಲೆ ಕಳಿಸಬೇಕು. ಯಾವ ಸೇವೆ, ಎಷ್ಟು ದುಡ್ಡು, ಹೇಗೆ ಬಿಡುವುದು, ಮೂರೂ ಅದರಲ್ಲಿರಬೇಕು. ಭಾರತದಲ್ಲಿ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮ ಈ ಹೊಣೆಯನ್ನು ಬ್ಯಾಂಕಿಗೆ ಕೊಟ್ಟಿತು. ದುಡ್ಡು ಕತ್ತರಿಸುವ ಕನಿಷ್ಠ 24 ಗಂಟೆ ಮೊದಲು ಕಾರ್ಡ್ ಕೊಟ್ಟ ಬ್ಯಾಂಕೇ ಸಂದೇಶ ಕಳಿಸಬೇಕು. ಬೇಡ ಅನ್ನುವ ದಾರಿಯೂ ಅದರಲ್ಲೇ ಇರಬೇಕು. ನಿಯಮ ಬಂದ ಹೊಸದರಲ್ಲಿ ಎಷ್ಟೋ ಚಂದಾಗಳ ಪಾವತಿ ವಿಫಲವಾಗಿ ಗಲಿಬಿಲಿಯಾಯಿತು ನಿಜ. ಆದರೆ ವಿಚಾರ ಸರಿ. ಮಾರುವವರಿಗೆ ನೆನಪಿಸಲು ಮನಸ್ಸಿಲ್ಲದಿದ್ದರೆ, ದುಡ್ಡು ದಾಟಿಸುವವರು ನೆನಪಿಸಲಿ. ವರ್ಷದ ಚಂದಾಕ್ಕೆ 24 ಗಂಟೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಒಳಗಿರುವ ಫೈಲುಗಳನ್ನು ಬೇರೆಡೆಗೆ ಸಾಗಿಸಿ, ಬದಲಿ ಹುಡುಕಲು ಅಷ್ಟರಲ್ಲಿ ಆಗುವುದಿಲ್ಲ. ಭಾರತದ್ದೇ 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳಿವೆ. ಚಂದಾ ಬಲೆ ಅವುಗಳಲ್ಲಿ ಒಂದು. ರದ್ದತಿಯನ್ನು ಕಷ್ಟ ಮಾಡುವುದಷ್ಟೇ ಅಲ್ಲ, ಉಚಿತ ಚಂದಾಕ್ಕಾಗಿ ಪಾವತಿ ವಿವರ ಕೊಡಲೇಬೇಕು ಅಂತ ಒತ್ತಾಯಿಸುವುದನ್ನೂ ಅದು ಬಲೆ ಅಂತಲೇ ಕರೆದಿದೆ.

ಉಚಿತ ಟ್ರಯಲ್ ಬಗ್ಗೆ ಯುರೋಪಿನ ಒಂದು ತೀರ್ಪು ತಿಳಿದುಕೊಳ್ಳಬೇಕಾದ್ದು. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್ ಒಪ್ಪಂದದಿಂದ ಸಾಮಾನ್ಯವಾಗಿ 14 ದಿನದೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು. ಟ್ರಯಲ್ ಮುಗಿದು ತಾನಾಗಿ ಪಾವತಿಯ ಚಂದಾ ಆದಾಗ ಈ ಹಕ್ಕು ಮತ್ತೆ ಸಿಗುತ್ತದಾ? ಸೋಫಾಟ್ಯೂಟರ್ ಅನ್ನುವ ಆನ್‌ಲೈನ್ ಕಲಿಕಾ ತಾಣದ ಪ್ರಕರಣದಲ್ಲಿ, 2023ರ ಅಕ್ಟೋಬರ್‌ನಲ್ಲಿ ಒಕ್ಕೂಟದ ನ್ಯಾಯಾಲಯ ಹೇಳಿದ್ದು ಹೀಗೆ. ಟ್ರಯಲ್ ನಂತರ ದುಡ್ಡು ಕೊಡಬೇಕು ಅಂತ ಮೊದಲೇ ಸ್ಪಷ್ಟವಾಗಿ ತಿಳಿಸಿದ್ದರೆ ಹಕ್ಕು ಒಂದೇ ಸಲ, ಶುರುವಿನಲ್ಲಿ. ಸ್ಪಷ್ಟವಾಗಿ ತಿಳಿಸಿರದಿದ್ದರೆ ಎರಡನೇ ಸಲವೂ ಇದೆ. ನನಗನಿಸುವಂತೆ, ಹೇಗೆ ತಿಳಿಸಿದರೂ ಎರಡನೇ ಸಲ ಕೊಡಬೇಕಿತ್ತು. ಟ್ರಯಲ್ ಶುರುವಿನಲ್ಲಿ ಹಿಂದೆ ಸರಿಯಲು ಯಾರಿಗೆ ಕಾರಣವಿರುತ್ತದೆ? ಆಗ ದುಡ್ಡೇ ಹೋಗಿರುವುದಿಲ್ಲವಲ್ಲ.

ಕಾನೂನು ಎಲ್ಲಿ ಹೇಗಿದ್ದರೂ ಕೆಲವು ಮಾತು ಎಲ್ಲರಿಗೂ ಉಪಯೋಗ. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಆ್ಯಪ್ ಸ್ಟೋರ್ ಅಥವಾ ಗೂಗಲ್ ಪ್ಲೇ ಮೂಲಕ ಕೊಂಡಿದ್ದರೆ ಅಲ್ಲಿನ ಚಂದಾ ಪಟ್ಟಿಗೇ ಹೋಗಿ ರದ್ದು ಮಾಡಬೇಕು. ಆಪಲ್‌ನಲ್ಲಿ ಟ್ರಯಲ್ ಮುಗಿಯುವ 24 ಗಂಟೆ ಮೊದಲೇ ಅದನ್ನು ಮಾಡಬೇಕು, ಕೊನೇ ದಿನ ಅಂತ ಕಾದರೆ ತಪ್ಪಿಹೋಗುತ್ತದೆ. ವರ್ಷದ ಚಂದಾ ಕೊಂಡ ದಿನವೇ ಆಟೋ ರಿನ್ಯೂವಲ್ ಆಫ್ ಮಾಡಬಹುದು. ಸಾಮಾನ್ಯವಾಗಿ ದುಡ್ಡು ಕೊಟ್ಟ ಅವಧಿ ಮುಗಿಯುವ ತನಕ ಸೇವೆ ನಡೆಯುತ್ತಲೇ ಇರುತ್ತದೆ. ನಾನು ಹಾಗೇ ಮಾಡುತ್ತೇನೆ. ಮುಂದಿನ ವರ್ಷ ಬೇಕು ಅನಿಸಿದರೆ ನಾನೇ ಹೋಗಿ ಕೊಳ್ಳುತ್ತೇನೆ. ಸುಮ್ನೆ ಕಾರ್ಡ್ ಬ್ಲಾಕ್ ಮಾಡಿ ಕೂರುವುದು ಮಾತ್ರ ಒಳ್ಳೆಯದಲ್ಲ. ಪಾವತಿ ನಿಂತರೂ ಒಪ್ಪಂದ ನಿಂತಿರುವುದಿಲ್ಲ, ಬಾಕಿ ಅಂತ ಕೇಳುವ ಅವಕಾಶ ಅವರಿಗೆ ಉಳಿಯಬಹುದು.

ನನಗೆ ಕಾನೂನಿನಲ್ಲಿ ಬೇಕಿರುವುದು ಇನ್ನೂ ಒಂದಿದೆ. ಇಡೀ ಒಂದು ಅವಧಿಯಲ್ಲಿ ಒಂದು ಸಲವೂ ಬಳಸದ ಸಾಫ್ಟ್‌ವೇರ್‌ನ ಚಂದಾವನ್ನು, ಗ್ರಾಹಕರನ್ನು ಮತ್ತೆ ಕೇಳದೆ ಮುಂದುವರಿಸುವಂತಿಲ್ಲ ಅಂತ ನಿಯಮ ಬರಬೇಕು. ಬಳಕೆಯನ್ನು ಗಮನಿಸುವುದು ಖಾಸಗಿತನಕ್ಕೆ ಧಕ್ಕೆ ಅಂತ ಕೆಲವರು ಹೇಳಬಹುದು. ಇಲ್ಲಿ ಬೇಕಿರುವುದು ಕೊನೆಯ ಲಾಗಿನ್ ದಿನಾಂಕ ಅಷ್ಟೇ, ಅದು ಈಗಾಗಲೇ ಅವರ ಬಳಿ ಇದೆ. ಬ್ಯಾಕಪ್‌ನಂಥ ಸೇವೆ ತೆರೆಯದಿದ್ದರೂ ಹಿನ್ನೆಲೆಯಲ್ಲಿ ಕೆಲಸ ಮಾಡುತ್ತದಲ್ಲ ಅಂದರೆ, ಹೌದು, ಹಾಗೆ ಕೆಲಸ ಮಾಡುತ್ತಿದ್ದರೆ ಅದೂ ಬಳಕೆಯೇ. ಯಾವ ಸಾಧನವೂ ಸಂಪರ್ಕದಲ್ಲಿಲ್ಲದ, ಯಾರೂ ಒಳಗೆ ಬಾರದ ಖಾತೆಯ ಬಗ್ಗೆ ಮಾತ್ರ ನಾನು ಹೇಳುತ್ತಿರುವುದು. ಅಂಥವರಿಂದ ಉತ್ತರ ಬರುವ ತನಕ ದುಡ್ಡು ಕತ್ತರಿಸದೆ, ಫೈಲುಗಳನ್ನು ಕೆಲವು ತಿಂಗಳು ಕಾಪಾಡಿ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಅಲ್ಲಿಯ ತನಕ, ಬೇಡದ ನವೀಕರಣ ಆಗಿಹೋಗಿದ್ದರೆ ತಡಮಾಡದೆ ಬರೆದು ಕೇಳಿ. ಫೋನ್ ಬೇಡ, ಮೇಲ್ ಅಥವಾ ಚಾಟ್ ಇರಲಿ, ಚಾಟ್ ಆದರೆ ಪ್ರತಿ ಉಳಿಸಿಕೊಳ್ಳಿ. ನವೀಕರಣಕ್ಕೆ ಮುಂಚೆ ಯಾವ ದಿನ, ಯಾವ ವಿಳಾಸಕ್ಕೆ ಸೂಚನೆ ಕಳಿಸಿದ್ದೀರಿ ಅಂತ ಕೇಳಿ. ಕೊನೆಯ ಸಲ ಖಾತೆ ಬಳಕೆಯಾಗಿದ್ದು ಯಾವಾಗ ಅಂತಲೂ ಕೇಳಿ. ಕೊಂಡಾಗ ಪುಟದಲ್ಲಿದ್ದ ಬೆಲೆ, ಈಗ ಕತ್ತರಿಸಿದ ಬೆಲೆ ಎರಡನ್ನೂ ಅದರಲ್ಲೇ ನಮೂದಿಸಿ. ಆಗಲ್ಲ ಅಂದರೆ ಅದನ್ನೂ ಬರವಣಿಗೆಯಲ್ಲಿ ಕೊಡಲು ಹೇಳಿ, ಆ ಪತ್ರವನ್ನು ನಿಮ್ಮ ದೇಶದ ಗ್ರಾಹಕ ರಕ್ಷಣಾ ಸಂಸ್ಥೆಗೆ ದೂರಿನ ಜೊತೆ ಕಳಿಸಿ.